ಶಾಲೆಯ ಗುಣಮಟ್ಟ: ಅಳತೆ ಮೇಲಕ್ಕೆ ಹೋಯಿತು, ತರಗತಿಗೆ ಮರಳಿದ್ದೆಷ್ಟು?

2024ರ ಮಾರ್ಚ್ 11ರಂದು ಕರ್ನಾಟಕದಲ್ಲಿ 5, 8 ಮತ್ತು 9ನೇ ತರಗತಿಗಳ ಮೌಲ್ಯಾಂಕನ ಪರೀಕ್ಷೆ ಶುರುವಾಯಿತು. ಮರುದಿನ ಸುಪ್ರೀಂ ಕೋರ್ಟ್ ಆದೇಶ ಬಂದು ಅರ್ಧಕ್ಕೆ ನಿಂತಿತು. 22ರಂದು ಹೈಕೋರ್ಟಿನ ವಿಭಾಗೀಯ ಪೀಠ ಸರ್ಕಾರದ ಪರವಾಗಿ ತೀರ್ಪು ಕೊಟ್ಟ ಮೇಲೆ 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೂ ತಡೆ ಬಿತ್ತು. ಇಂಥ ಪರೀಕ್ಷೆ ನಡೆಸುವ ಅಧಿಕಾರ ಸರ್ಕಾರಕ್ಕಿದೆಯೇ, ಶಿಕ್ಷಣ ಹಕ್ಕು ಕಾಯ್ದೆ ಒಪ್ಪುತ್ತದೆಯೇ ಎಂಬ ವಾದ ವಾರಗಟ್ಟಲೆ ಪತ್ರಿಕೆಗಳನ್ನು ತುಂಬಿತು. ಆ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಶಾಲೆ ಏನು ಮಾಡಬೇಕಿತ್ತು ಎಂಬುದರ ಬಗ್ಗೆ ಮಾತು ಕಡಿಮೆ. ಹಾಗೆ ನೋಡಿದರೆ, ಇಲ್ಲಿ ಶಾಲೆಗಳನ್ನು ಅಳೆಯಲು ಹೊರಟವರೆಲ್ಲ ಈ ಪ್ರಶ್ನೆಯನ್ನು ಕಡೆಗೇ ಇಟ್ಟುಕೊಂಡವರು.

ಮೊದಲು ಇದ್ದದ್ದು ಇನ್‌ಸ್ಪೆಕ್ಟರು. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ಸಂಹಿತೆ ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಅನುದಾನವನ್ನು ಗಂಟುಹಾಕಿತು. ಅದೇ ಪದ್ಧತಿ ಮದ್ರಾಸ್, ಬಾಂಬೆ ಪ್ರಾಂತ್ಯಗಳ ಶಾಲೆಗಳಿಗೂ ಬಂತು. ಅಂದರೆ ಬಳ್ಳಾರಿ, ಮಂಗಳೂರು, ಧಾರವಾಡ, ಬೆಳಗಾವಿಗಳು ಇದ್ದ ಸೀಮೆಗೂ. ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಓದುವ ಪಾಠವನ್ನು ಬಾಯಿಪಾಠ ಮಾಡಿಸಿಡುವುದು ಮೇಷ್ಟ್ರುಗಳಿಗೆ ಹೊಟ್ಟೆಪಾಡಾಯಿತು. ವೈಸರಾಯ್ ಕರ್ಜನ್ ಕಾಲದಲ್ಲಿ ಆ ಪದ್ಧತಿ ಹೋಯಿತು. ಉಳಿದದ್ದು ತಪಾಸಣೆ, ಭೇಟಿ ಪುಸ್ತಕ ಮತ್ತು ಹೇಳಿದ್ದನ್ನು ಮಾಡಿದ್ದೇವೆ ಎಂದು ಬರೆದುಕೊಡುವ ಅನುಪಾಲನಾ ವರದಿ. ಭೇಟಿ ಪುಸ್ತಕದಲ್ಲಿ ದಾಖಲೆಗಳ ಸ್ಥಿತಿ, ಆವರಣದ ಸ್ವಚ್ಛತೆ, ಗೈರಾದವರ ಸಂಖ್ಯೆ ಸಿಗುತ್ತದೆ. ನಾಲ್ಕನೆಯ ತರಗತಿಯ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದಕ್ಕೆ ಅಲ್ಲಿ ಒಂದು ಸಾಲು ಸಿಕ್ಕಿದರೆ ಪುಣ್ಯ.

1987ರ ಕಪ್ಪುಹಲಗೆ ಕಾರ್ಯಾಚರಣೆ ಗುಣಮಟ್ಟವನ್ನು ಸೌಕರ್ಯದ ಲೆಕ್ಕದಲ್ಲಿ ಕಂಡಿತು: ಎರಡು ಕೋಣೆ, ಇಬ್ಬರು ಶಿಕ್ಷಕರು, ಅಗತ್ಯ ಬೋಧನಾ ಸಾಮಗ್ರಿ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು ಇದ್ದ ಕಾಲದಲ್ಲಿ ಅದು ತಪ್ಪೇನಲ್ಲ. 1991ರಲ್ಲಿ ದವೆ ಸಮಿತಿಯ ಕನಿಷ್ಠ ಕಲಿಕಾ ಮಟ್ಟಗಳು ಬಂದ ಮೇಲೆ ಕಣ್ಣು ಕಟ್ಟಡದಿಂದ ಮಗುವಿನ ಸಾಮರ್ಥ್ಯದ ಕಡೆ ತಿರುಗಿತು. ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಬೆನ್ನಲ್ಲೇ 2001ರಲ್ಲಿ ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳಾದವು. ಶಾಲೆಯನ್ನು ಪ್ರಶ್ನಿಸುವ ಹಕ್ಕು ಪೋಷಕರಿಗೆ ಕಾಗದದ ಮೇಲಾದರೂ ಸಿಕ್ಕಿತು.

ದೊಡ್ಡ ತಿರುವು ಕಂಡದ್ದು ಈಶಾನ್ಯ ಕರ್ನಾಟಕದಲ್ಲಿ. 2002ರ ಸುಮಾರಿಗೆ ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸೇರಿ ಕಲಿಕಾ ಖಾತರಿ ಕಾರ್ಯಕ್ರಮ ಶುರುಮಾಡಿದವು. ಭಾಗವಹಿಸುವುದು ಶಾಲೆಯ ಇಚ್ಛೆಗೆ ಬಿಟ್ಟದ್ದು. ದಾಖಲಾತಿ, ಹಾಜರಾತಿ, ಕಲಿಕೆ ಮೂರರಲ್ಲೂ ನಿಗದಿತ ಮಟ್ಟ ಮುಟ್ಟಿದ ಶಾಲೆಗೆ ನಗದು ಪುರಸ್ಕಾರ. ಅದರ ಅನುಭವದ ಮೇಲೆಯೇ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಹುಟ್ಟಿತು. ಮುಂದೆ ಅದಕ್ಕೆ ‘ಅಂಗೀಕರಣ ಪರಿಷತ್ತು’ ಎಂಬ ಬಾಲ ಸೇರಿತು, ಆಯ್ಕೆಯ ಗುಂಡು ತುಂಬಿ ಯಂತ್ರ ಓದುವ ಒಎಂಆರ್ ಹಾಳೆಯಲ್ಲಿ ಮಕ್ಕಳ ಕಲಿಕೆ ಅಳೆಯುವ ಸಿಎಸ್‌ಎಎಸ್ ಎಂಬ ರಾಜ್ಯ ಸಮೀಕ್ಷೆ ಬಂತು. ಕೊನೆಗೆ ಎಸ್‌ಎಸ್‌ಎಲ್‌ಸಿ ನಡೆಸುವ ಮಂಡಳಿಯೇ ಐದನೆಯ ತರಗತಿಗೂ ಪ್ರಶ್ನೆಪತ್ರಿಕೆ ಕಳಿಸುವಂತಾಯಿತು. ಹೆಸರು ಏನೇ ಇರಲಿ, ಪರೀಕ್ಷಾ ಮಂಡಳಿಯಿಂದ ಲಕೋಟೆ ಬಂದರೆ ಊರಿನವರು ಅದನ್ನು ಪಬ್ಲಿಕ್ ಪರೀಕ್ಷೆ ಎಂದೇ ಓದಿಕೊಳ್ಳುತ್ತಾರೆ.

ಈ ಎಲ್ಲ ಸಮೀಕ್ಷೆಗಳಲ್ಲಿ ತರಗತಿಗೆ ಬೇಕಾದ ಮಾಹಿತಿ ಎಲ್ಲಿ ಸೋರಿಹೋಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 503ರಿಂದ 278 ಕಳೆಯಬೇಕು, ಉತ್ತರ 225. ಒಬ್ಬಳು 375 ಎಂದು ಬರೆದಿದ್ದಾಳೆ. ಮೇಲಿದೆಯೋ ಕೆಳಗಿದೆಯೋ ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ: 8ರಲ್ಲಿ 3 ಹೋದರೆ 5, 7ರಲ್ಲಿ 0 ಹೋದರೆ 7, 5ರಲ್ಲಿ 2 ಹೋದರೆ 3. ಇನ್ನೊಬ್ಬ 235 ಬರೆದಿದ್ದಾನೆ. ಅವನಿಗೆ ದಶಕ ತರುವುದು ಗೊತ್ತು. ನೂರರಿಂದ ತಂದು ಸೊನ್ನೆಯನ್ನು ಹತ್ತು ಮಾಡಿದ, ಅದರಿಂದ ಒಂದನ್ನು ಬಿಡಿಗೆ ಕೊಟ್ಟ ಮೇಲೆ ಅಲ್ಲಿ ಒಂಬತ್ತೇ ಉಳಿಯುತ್ತದೆ ಎಂಬುದನ್ನು ಮರೆತ. ಮೊದಲನೆಯವಳಿಗೆ ಕಡ್ಡಿ ಕಟ್ಟು ಬಿಚ್ಚಿ ಸ್ಥಾನಬೆಲೆಯಿಂದ ಹಿಡಿದು ಕಲಿಸಬೇಕು. ಎರಡನೆಯವನಿಗೆ ನಡುವೆ ಸೊನ್ನೆ ಇರುವ ಹತ್ತು ಲೆಕ್ಕ ಸಾಕು. ಅಂಕಪಟ್ಟಿಯಲ್ಲಿ ಇಬ್ಬರಿಗೂ ಸೊನ್ನೆ. ಆಯ್ಕೆಗಳಲ್ಲಿ 375 ಮತ್ತು 235 ಎರಡನ್ನೂ ಇಟ್ಟು, ಯಾರು ಯಾವುದಕ್ಕೆ ಬಿದ್ದರು ಎಂಬುದನ್ನು ಆ ಶೈಕ್ಷಣಿಕ ವರ್ಷದೊಳಗೇ ಶಿಕ್ಷಕಿಗೆ ತಲುಪಿಸಿದರೆ ಒಎಂಆರ್ ಕೂಡ ಒಳ್ಳೆಯ ಸಾಧನವೇ. ಜಿಲ್ಲಾವಾರು ಶೇಕಡಾವಾರು ಮಾತ್ರ ತಲುಪಿದರೆ ಅವಳ ಕೈಗೆ ಏನೂ ಸಿಕ್ಕಂತಾಗಲಿಲ್ಲ.

ಶೇಕಡಾವಾರಿನ ಇನ್ನೊಂದು ತೊಡಕು ಸಣ್ಣ ಶಾಲೆಗಳದ್ದು. ತರಗತಿಯಲ್ಲಿ 12 ಮಕ್ಕಳಿದ್ದರೆ ಒಬ್ಬರು ಪಾಸೋ ಫೇಲೋ ಎಂಬುದರ ಮೇಲೆ ಫಲಿತಾಂಶ 8 ಅಂಶ ಏರಿಳಿಯುತ್ತದೆ. ಇಂಥ ಶಾಲೆ ಹೋದ ವರ್ಷಕ್ಕಿಂತ ‘ಕುಸಿದಿದೆ’ ಎಂದು ನೋಟಿಸ್ ಕೊಡುವುದು ಗಣಿತಕ್ಕೇ ಅವಮಾನ.

ಪರೀಕ್ಷೆಯಾಚೆಗೆ ಇಡೀ ಶಾಲೆಯನ್ನು ನೋಡುವ ಪ್ರಯತ್ನ 2015ರ ನವೆಂಬರಿನಲ್ಲಿ ಬಂದ ಶಾಲಾ ಸಿದ್ಧಿ. ಆಗ ನ್ಯೂಪಾ ಎನಿಸಿಕೊಂಡಿದ್ದ ದೆಹಲಿಯ ಶಿಕ್ಷಣ ಯೋಜನಾ ಸಂಸ್ಥೆ ರೂಪಿಸಿದ ಈ ಚೌಕಟ್ಟಿನಲ್ಲಿ 7 ಕ್ಷೇತ್ರಗಳು, 46 ಮಾನಕಗಳು. ಪ್ರತಿಯೊಂದಕ್ಕೂ 1ರಿಂದ 3ರವರೆಗೆ ಹಂತ. ಮೊದಲು ಶಾಲೆ ತನ್ನನ್ನು ತಾನೇ ಅಳೆದುಕೊಳ್ಳಬೇಕು, ಆಮೇಲೆ ಹೊರಗಿನವರು ಬಂದು ನೋಡಬೇಕು. ಸೌಕರ್ಯಕ್ಕೆ 12, ಬೋಧನೆ ಮತ್ತು ಮೌಲ್ಯಮಾಪನಕ್ಕೆ 9, ಮಕ್ಕಳ ಪ್ರಗತಿಗೆ 5 ಮಾನಕಗಳಿವೆ. ಶಿಕ್ಷಕರ ನಿರ್ವಹಣೆ, ನಾಯಕತ್ವ, ಒಳಗೊಳ್ಳುವಿಕೆ ಹಾಗೂ ಸುರಕ್ಷತೆ, ಸಮುದಾಯ ಇವುಗಳಿಗೆ ಉಳಿದ 20. ಇದರ ಜಾಣತನ ಇರುವುದು ಮೊದಲ ಕ್ಷೇತ್ರದಲ್ಲಿ. ಅಲ್ಲಿ ಒಂದೊಂದು ಸೌಕರ್ಯಕ್ಕೂ ಎರಡೆರಡು ಹಂತ ಗುರುತಿಸಬೇಕು: ಸಾಕಷ್ಟು ಇದೆಯೇ, ಬಳಸುವಂತಿದೆಯೇ. ಶಾಲೆಗಳ ಅಂಕಿಅಂಶ ಕಲೆಹಾಕುವ ಯುಡೈಸ್ ನಮೂನೆಯಲ್ಲಿ ‘ಹೌದು’ ಎನಿಸಿಕೊಂಡ ಶೌಚಾಲಯ, ನೀರಿಲ್ಲದೆ ಬೀಗ ಬಿದ್ದಿದ್ದರೆ ಇಲ್ಲಿ ಮೊದಲ ಲೆಕ್ಕಕ್ಕೆ 3, ಎರಡನೆಯದಕ್ಕೆ 1 ಪಡೆಯುತ್ತದೆ. ಬೀರುವಿನೊಳಗಿನ ಗ್ರಂಥಾಲಯದ್ದೂ ಅದೇ ಕಥೆ.

ಎಡವಟ್ಟಾಗುವುದು ತುಂಬುವ ರೀತಿಯಲ್ಲಿ. ಕೊನೆಯ ದಿನಾಂಕ ಹತ್ತಿರ ಬಂದಾಗ ಮುಖ್ಯ ಶಿಕ್ಷಕರು ಒಬ್ಬರೇ ಕೂತು, ಕೆಲವೊಮ್ಮೆ ಸಿಆರ್‌ಪಿಯನ್ನು (ಕ್ಲಸ್ಟರ್ ಎಂಬ ಅಕ್ಕಪಕ್ಕದ ಶಾಲೆಗಳ ಗುಂಪಿನ ಸಂಪನ್ಮೂಲ ವ್ಯಕ್ತಿ) ಪಕ್ಕದಲ್ಲಿಟ್ಟುಕೊಂಡು, 46ಕ್ಕೂ ‘2’ ಹಾಕಿ ಮುಗಿಸುತ್ತಾರೆ. 1 ಹಾಕಿದರೆ ಮೇಲಿನವರು ಕೇಳುತ್ತಾರೆ, 3 ಹಾಕಿದರೆ ನೋಡಲು ಬರುತ್ತಾರೆ. ಹೊರಗಿನ ಮೌಲ್ಯಮಾಪಕರೂ ಅದೇ ಕ್ಲಸ್ಟರಿನವರಾದರೆ ಮುಲಾಜು ಬೇರೆ.

ಸರಿಯಾಗಿ ಮಾಡುವ ದಾರಿ ಕಷ್ಟದ್ದೇನಲ್ಲ, ನಿಧಾನದ್ದು. ಏಳು ಕ್ಷೇತ್ರಗಳನ್ನು ಶಿಕ್ಷಕರು ಹಂಚಿಕೊಳ್ಳಬೇಕು. ಇಬ್ಬರೇ ಇರುವ ಶಾಲೆಯಲ್ಲಿ ಒಂದು ತಿಂಗಳಿಗೆ ಒಂದು ಕ್ಷೇತ್ರ ಸಾಕು. ಪ್ರತಿ ಹಂತದ ಎದುರು ಪುರಾವೆ ಬರೆಯಬೇಕು. ಹಾಜರಾತಿಗೆ ಹಾಜರಿ ಪುಸ್ತಕವೊಂದೇ ಪುರಾವೆಯಲ್ಲ: ಅದರ ಅಂಕಿ, ಅಕ್ಷರ ದಾಸೋಹದ ಅಂದಿನ ಲೆಕ್ಕ, ಎರಡನೆಯ ಅವಧಿಯಲ್ಲಿ ಎಣಿಸಿದ ತಲೆ ಮೂರನ್ನೂ ಮುನ್ಸೂಚನೆ ಇಲ್ಲದ ಐದು ದಿನ ಪಕ್ಕಪಕ್ಕ ಬರೆದರೆ ನಿಜ ತಾನಾಗಿ ಹೊರಬರುತ್ತದೆ. ಓದಿಗೆ, ಐದನೆಯ ತರಗತಿಯ ಪ್ರತಿ ಮಗುವಿನ ಕೈಗೆ ಎರಡನೆಯ ತರಗತಿಯ, ಅವರು ನೋಡಿರದ ಎಂಟು–ಹತ್ತು ಸಾಲು ಕೊಟ್ಟು ಒಬ್ಬೊಬ್ಬರನ್ನೇ ಕೇಳಿಸಿಕೊಳ್ಳಬೇಕು. ತಲೆಗೆ ಮೂರು ನಿಮಿಷವೂ ಹಿಡಿಯದು. ನೋಡಿರುವ ಪಾಠ ಕೊಟ್ಟರೆ ಇನ್‌ಸ್ಪೆಕ್ಟರ್ ಕಾಲದ ಬಾಯಿಪಾಠವೇ ಮತ್ತೆ ಎದುರಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕಾದದ್ದು ಎಸ್‌ಡಿಎಂಸಿ. ಬಹಳಷ್ಟು ಯೋಜನೆಗಳು ಕಾಂಪೌಂಡು, ಬಣ್ಣ, ಸ್ಮಾರ್ಟ್ ಬೋರ್ಡಿನ ಬೇಡಿಕೆ ಪಟ್ಟಿಗಳಾಗಿರುತ್ತವೆ. ಅವು ಮಂಜೂರಾಗುವುದು ಇನ್ನೊಬ್ಬರ ಕೈಯಲ್ಲಿ. ಶಾಲೆಯ ಕೈಯಲ್ಲೇ ಇರುವ ಮೂರು ಕೆಲಸಗಳಿಗೆ ಯೋಜನೆ ಕಟ್ಟಿದರೆ ನಡೆಯುತ್ತದೆ. ಉದಾಹರಣೆಗೆ, ಓದಲು ಬಾರದ 9 ಮಕ್ಕಳಿಗೆ ದಿನಕ್ಕೆ 40 ನಿಮಿಷ, ಯಾರು ಕಲಿಸುವವರು, ಯಾವ ತಾರೀಖಿಗೆ ಮತ್ತೆ ಕೇಳಿಸಿಕೊಳ್ಳುವುದು ಎಂದು ಬರೆದಿರಬೇಕು. ಇಷ್ಟಿದ್ದೂ ಅದು ಮುರಿದುಬೀಳುವುದು ಸಾಮಾನ್ಯವಾಗಿ ವರ್ಗಾವಣೆಯ ಹೊತ್ತಿಗೆ. ಒಂದರಿಂದ ಐದನೆಯ ತರಗತಿಗಳಲ್ಲಿ ಕಾಯ್ದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರನ್ನು ಮಾತ್ರ ಖಾತರಿಪಡಿಸುತ್ತದೆ. ಅವರಲ್ಲಿ ಒಬ್ಬರು ಕೌನ್ಸೆಲಿಂಗಿನಲ್ಲಿ ಹೋದರೆ ಆ 9 ಮಕ್ಕಳ ಪಟ್ಟಿಯೂ ಅವರ ಡೈರಿಯ ಜೊತೆ ಹೋಗುತ್ತದೆ. ಅಧಿಕಾರ ಹಸ್ತಾಂತರದ ಚಾರ್ಜ್ ಪಟ್ಟಿಯಲ್ಲಿ ಬೆಂಚು, ಪಾತ್ರೆ, ಬೀರುಗಳ ಎಣಿಕೆ ಇರುತ್ತದೆ, ಈ ಪಟ್ಟಿಗೊಂದು ಅಂಕಣ ಇರುವುದಿಲ್ಲ.