ಬೀಟೆ ಮೇಜು ಯಾಕೆ ಮನೆ ಬಿಟ್ಟಿತು, ಈಗ್ಯಾಕೆ ವಾಪಸ್ ಬರ್ತಿದೆ

ಮೂಡಿಗೆರೆ, ಸಕಲೇಶಪುರ ಕಡೆ ಹಳೇ ಸಾಮಾನಿನ ಮಾತು ತೆಗೆದರೆ ಸಾಕು, ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: 'ನಮ್ಮಲ್ಲೂ ಒಂದು ಬೀಟೆ ಮೇಜಿತ್ತು, ಮುಚ್ಚಳ ಇರೋದು.' ಬೆನ್ನಿಗೇ ಪ್ರಶ್ನೆಗಳು ಶುರು. ಅಂಥದ್ದು ಈಗ ಎಲ್ಲಿ ಸಿಗುತ್ತೆ, ಮಾರಬಹುದಾ, ಫಾರೆಸ್ಟ್‌ನವರು ಹಿಡೀತಾರಾ, ನೂರು ವರ್ಷ ಹಳೇದು ಅಂತಾರಲ್ಲ ಅದು ನಿಜಾನಾ? ಒಬ್ಬೊಬ್ಬರದು ಒಂದೊಂದು ಉತ್ತರ. ಹಾಗಾಗಿ ಮೊದಲಿಂದ ಬರೋಣ.

ಬೀಟೆ ಅಂದರೆ ರೋಸ್‌ವುಡ್. ಈ ಮೇಜನ್ನು ಅಂಗಡಿಯವರು ಸೆಕ್ರೆಟರಿ ಡೆಸ್ಕ್ ಅನ್ನುತ್ತಾರೆ. ಅರ್ಧ ಬೀರು, ಅರ್ಧ ಮೇಜು. ಕೆಳಗೆ ದೊಡ್ಡ ಡ್ರಾಯರುಗಳು, ಮೇಲೆ ಓರೆ ಮುಚ್ಚಳ. ಮುಚ್ಚಳ ಮುಂದಕ್ಕೆ ಇಳಿಸಿದರೆ ಅದೇ ಬರೆಯುವ ಹಲಗೆ. ಭಾರ ಎಲ್ಲ ಕೀಲಿನ ಮೇಲೆ ಬೀಳಬಾರದು ಅಂತ ಎರಡೂ ಪಕ್ಕದಿಂದ ಹೊರಗೆಳೆಯುವ ಮರದ ಪಟ್ಟಿಗಳಿರುತ್ತವೆ. ಮೊದಲು ಪಟ್ಟಿ ಎಳೆಯಬೇಕು, ಆಮೇಲೆ ಮುಚ್ಚಳ. ಇಷ್ಟು ಗೊತ್ತಿಲ್ಲದೆ ಎಷ್ಟು ಮೇಜಿನ ಕೀಲು ಕಿತ್ತು ಬಂದಿದೆಯೋ. ಒಳಗೆ ಸಾಲು ಗೂಡುಗಳು, ಪುಟ್ಟ ಡ್ರಾಯರುಗಳು, ಕೆಲವದರಲ್ಲಿ ಒಂದು ಕಳ್ಳ ಖಾನೆ.

ಗೂಡು ಯಾಕೆ ಅಂದರೆ, ಆಗ ಫೈಲು ಅನ್ನೋದು ಇರಲಿಲ್ಲ. ಕಾಗದವನ್ನು ಉದ್ದಕ್ಕೆ ಮಡಿಚಿ, ಬೆನ್ನ ಮೇಲೆ ವಿಷಯ ಬರೆದು, ಗೂಡಿಗೆ ತೂರಿಸುತ್ತಿದ್ದರು. ಸ್ಪೇನ್‌ನಲ್ಲಿ 16ನೇ ಶತಮಾನದಲ್ಲೇ ಮುಚ್ಚಳ ಇಳಿಸುವ ಪೆಟ್ಟಿಗೆಗಳಿದ್ದವು, 18ನೇ ಶತಮಾನದಲ್ಲಿ ಫ್ರಾನ್ಸು ಇಂಗ್ಲೆಂಡುಗಳು ಅದಕ್ಕೆ ಈಗಿನ ಆಕಾರ ಕೊಟ್ಟವು, 1874ರಲ್ಲಿ ಅಮೆರಿಕದ ವೂಟನ್ ನೂರರಷ್ಟು ಖಾನೆಗಳ ದೈತ್ಯ ಮೇಜಿಗೆ ಪೇಟೆಂಟ್ ಪಡೆದ, ಅಷ್ಟರಲ್ಲಿ ಟೈಪ್‌ರೈಟರು ಬಂತು, ಕಾಗದ ನಿಲ್ಲಿಸಿಡುವ ಫೈಲು ಬೀರು ಬಂತು, ಕಥೆ ಮುಗಿಯಿತು.

ಅಲ್ಲಿ ಮುಗಿಯಿತು, ನಮ್ಮಲ್ಲಿ ಅಲ್ಲ. 1830ರ ಸುಮಾರಿಗೆ ಚಿಕ್ಕಮಗಳೂರು ಸೀಮೆಯಲ್ಲಿ ಕ್ಯಾನನ್, 1850ರ ದಶಕದಲ್ಲಿ ಮಂಜರಾಬಾದಿನಲ್ಲಿ (ಈಗಿನ ಸಕಲೇಶಪುರದ ಕಡೆ) ಎಲಿಯಟ್, ಹೀಗೆ ಒಬ್ಬೊಬ್ಬರೇ ಬಿಳಿ ದೊರೆಗಳು ಕಾಫಿ ಹಾಕಿದರು. ಬ್ರಿಟಿಷ್ ಸೈನ್ಯದವರು ಜೊತೆಗೆ ಹೊತ್ತು ತಿರುಗುತ್ತಿದ್ದ ಮೇಜುಗಳಿದ್ದವು. ಮೂಲೆಗೆ ಹಿತ್ತಾಳೆ ಪಟ್ಟಿ, ಸಾಗಿಸಲು ಎರಡು ತುಂಡಾಗುವ ಹಾಗೆ. ಅಂಥ ಮಾದರಿ ನೋಡಿ ನಮ್ಮ ಆಚಾರಿಗಳು ಈ ದೊರೆಗಳಿಗೆ ಬೀಟೆಯಲ್ಲಿ, ಹಲಸಿನಲ್ಲಿ, ತೇಗದಲ್ಲಿ ಮಾಡಿಕೊಟ್ಟರು. ಓರೆ ಮುಚ್ಚಳ ಅವರಿಗೆ ಹೊಸದೇನಲ್ಲ, ಶಾನುಭೋಗರು ನೆಲದ ಮೇಲೆ ಕೂತು ಬರೆಯುವ ಡೆಸ್ಕಿಗೂ ಅದೇ ಇತ್ತು. (ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ಹೋಯಿತು. ಆ ಡೆಸ್ಕುಗಳು ಅಟ್ಟ ಸೇರಿದ್ದೂ ಆಗಲೇ. ಅದು ಬೇರೆ ಕಥೆ.)

ದೊರೆಗಳು ಹೋದ ಮೇಲೂ ಮೇಜಿಗೆ ಕೆಲಸ ತಪ್ಪಲಿಲ್ಲ. ಆಗ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೆ ಒಪ್ಪಿಸಬೇಕಿತ್ತು, ಬೋರ್ಡೇ ಎಲ್ಲ ಒಟ್ಟು ಸೇರಿಸಿ ಮಾರುತ್ತಿತ್ತು, ಅದೇ ಪೂಲ್. ಆ ಕಾಲ ನೋಡಿದವರಿಗೆ ಗೊತ್ತು, ಬೆಳೆ ಪೂಲಿಗೆ ಹಾಕಿದರೆ ದುಡ್ಡು ಒಂದೇ ಸಲ ಬರುತ್ತಿರಲಿಲ್ಲ, ಕಂತುಕಂತಾಗಿ ಬರುತ್ತಿತ್ತು, ಕೊನೆ ಕಂತು ಬರೋವರೆಗೆ ಹಳೇ ಚೀಟಿ ಕಳೆಯೋ ಹಾಗಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆಯ ಚಿಲ್ಲರೆ, ಪೂಲಿನ ರಸೀದಿ ಎಲ್ಲಕ್ಕೂ ಬೀಗ ಇರುವ ಒಂದು ಜಾಗ ಬೇಕಿತ್ತು. ಮುಚ್ಚಳ ಎತ್ತಿ ಬೀಗ ಹಾಕಿದರೆ ಅರ್ಧ ಬರೆದ ಲೆಕ್ಕವೂ ಹಾಗೇ ಇರುತ್ತಿತ್ತು, ಮಕ್ಕಳ ಕೈಗೂ ಸಿಗುತ್ತಿರಲಿಲ್ಲ.

1996ಕ್ಕೆ ಪೂಲ್ ಪೂರ್ತಿ ಹೋಯಿತು. ಕಾಫಿ ಮಾರಿದ ದಿನವೇ ದುಡ್ಡು. ಒಳ್ಳೇದೇ ಆಯಿತು, ಆದರೆ ಗೂಡು ಖಾಲಿಯಾಯಿತು. ಅದರ ಹಿಂದೆಯೇ 2000ದಿಂದ ಬೆಲೆ ಬಿತ್ತು, ಲೋಕದ ಮಾರುಕಟ್ಟೆಯಲ್ಲಿ 30 ವರ್ಷದಲ್ಲೇ ಕಾಣದಷ್ಟು ಕೆಳಕ್ಕೆ. ನಾನು ಕಣ್ಣಾರೆ ಕಂಡಿದ್ದು ಈ ಕಾಲವನ್ನು.

ಮೂಡಿಗೆರೆ ಹತ್ತಿರದ ನಮ್ಮ ಸೋದರಮಾವನ ಮನೆಯಲ್ಲಿ ಅಂಥದ್ದೊಂದು ಇತ್ತು. ಮಳೆಗಾಲ ಹಿಡಿದರೆ ಎಡಗಡೆ ಡ್ರಾಯರು ಉಬ್ಬಿ ಕೂತುಬಿಡುತ್ತಿತ್ತು, ದೀಪಾವಳಿ ಕಳೆದ ಮೇಲೇ ಬಾಯಿ ಬಿಡೋದು. ಅದಕ್ಕೇ ಜೂನ್ ಒಳಗೆ ಬೇಕಾದ್ದೆಲ್ಲ ತೆಗೆದಿಡಿ ಅಂತ ಅತ್ತೆ ಎಲ್ಲರಿಗೂ ಹೇಳೋರು. ಕಾಫಿ ಬೆಲೆ ಬಿದ್ದ ಆ ಕಾಲದಲ್ಲಿ ಒಂದು ವ್ಯಾನು ಬಂತು. ಹಳೇ ಗಡಿಯಾರ, ಹಿತ್ತಾಳೆ ಹಂಡೆ, ಬಾಗಿಲ ಚೌಕಟ್ಟು, ಏನಿದ್ದರೂ ತಗೋತೀವಿ ಅಂದರು. 'ಅಮ್ಮಾ, ಗೆದ್ದಲು ಹಿಡಿಯೋ ಮೊದಲು ಕೊಟ್ಟುಬಿಡಿ' ಅಂತ ವ್ಯಾನಿನವನೊಬ್ಬ ಅಂದ ಮಾತು ನನಗೆ ಇನ್ನೂ ನೆನಪಿದೆ. ಬೀಟೆಯ ಕಪ್ಪು ತಿರುಳಿಗೆ ಗೆದ್ದಲು ಅಷ್ಟು ಸುಲಭಕ್ಕೆ ಬಾಯಿ ಹಾಕೋದಿಲ್ಲ ಅನ್ನೋದು ಆ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಎರಡೂವರೆ ಸಾವಿರಕ್ಕೆ ಹೋಯಿತು. ಬ್ಯಾಂಕಿನ ಸಾಲದ ಕಂತಿಗೆ ಅದೂ ಸೇರಿತು. ಮನೆಯವರನ್ನು ಅನ್ನೋಕಾಗಲ್ಲ, ಆಗಿನ ಪರಿಸ್ಥಿತಿ ಹಾಗಿತ್ತು. ಆ ಜಾಗಕ್ಕೆ ಸನ್ಮೈಕಾ ಅಂಟಿಸಿದ ಕಂಪ್ಯೂಟರ್ ಟೇಬಲ್ ಬಂತು, ನಾಲ್ಕೇ ಮಳೆಗಾಲಕ್ಕೆ ಅದರ ಅಂಚು ಎದ್ದಿತು.

ಇನ್ನು ಕೆಲವು ಪಾಲಿನಲ್ಲಿ ಹೋದವು. ಮೂವರು ಅಣ್ಣತಮ್ಮಂದಿರಿಗೆ ಒಂದು ಮೇಜು, ಒಬ್ಬರಿಗೆ ಕೊಟ್ಟರೆ ಇಬ್ಬರಿಗೆ ಬೇಜಾರು, ಮಾರಿ ದುಡ್ಡು ಹಂಚಿದರೆ ಎಲ್ಲರಿಗೂ ನೆಮ್ಮದಿ.

ಆಮೇಲೆ ಹೋಮ್‌ಸ್ಟೇಗಳು ಬಂದವು. ಹಳೇ ಮನೆ ಅಂದಮೇಲೆ ಹಳೇ ಸಾಮಾನು ಬೇಕಲ್ವಾ? ಇಲ್ಲಿಂದ ಕೊಚ್ಚಿಯ ಮಟ್ಟಾಂಚೇರಿಗೋ ತಮಿಳುನಾಡಿನ ಕಾರೈಕುಡಿಗೋ, ಅಲ್ಲಿನ ಹಳೇ ಸಾಮಾನಿನ ಅಂಗಡಿಗಳಿಗೆ ಹೋದದ್ದೇ ವಾಪಸ್ ಬರುವಾಗ ಹತ್ತಾರು ಪಟ್ಟು ಬೆಲೆ. ಲಾಕ್‌ಡೌನಿನಲ್ಲಿ ಊರಿಗೆ ಬಂದು ಕೂತ ಹುಡುಗರಿಗೂ ಇದು ಹಿಡಿಸಿತು. ಲ್ಯಾಪ್‌ಟಾಪ್ ಸರಿಯಾಗಿ ಕೂರುತ್ತೆ, ಕೆಲಸ ಮುಗಿದ ಮೇಲೆ ಮುಚ್ಚಿದರೆ ಆಫೀಸೇ ಇಲ್ಲ. ಆದರೆ ಚಾರ್ಜರ್ ವೈರಿಗೆ ಅಂತ ಹಿಂದಿನ ಹಲಗೆಗೆ ತೂತು ಕೊರೆಯುತ್ತಾರಲ್ಲ, ಅದನ್ನು ನನಗೆ ತಡೆಯೋಕಾಗಲ್ಲ.

ಬೇಡಿಕೆ ಬಂದರೆ ನಕಲಿಯೂ ಬರುತ್ತದೆ. ಅಕೇಶಿಯಾಗೆ ಕಪ್ಪು ಬಣ್ಣ ಬಳಿದು ಬೀಟೆ ಅನ್ನುತ್ತಾರೆ. ಡ್ರಾಯರು ಪೂರ್ತಿ ಹೊರಗೆ ತೆಗೆಯಿರಿ. ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆ ಕೈಯಲ್ಲಿ ಕೊಯ್ದದ್ದಾದರೆ ಎಲ್ಲ ಹಲ್ಲೂ ಒಂದೇ ಅಳತೆ ಇರಲ್ಲ. ಹಿಂದಿನ ಹಲಗೆಯಲ್ಲಿ ಬಿಲ್ಲಿನಂಥ ಗೆರೆ ಇದ್ದರೆ ಮಿಲ್ಲಿನ ಚಕ್ರ ಗರಗಸದ್ದು, ನೇರ ಗೆರೆ ಆದರೆ ಇಬ್ಬರು ಎಳೆದ ಗರಗಸದ್ದು ಇರಬಹುದು. ಒಳಗಡೆಗೂ ಪಾಲಿಶ್ ಹೊಳೆಯುತ್ತಿದ್ದರೆ ಅನುಮಾನ ಪಡಿ. ಹೊಳಪು ಬರಲಿ ಅಂತ ಹಳೇ ಅರಗಿನ ಪಾಲಿಶ್ ಕೆರೆದು ತೆಗೆಸುವುದಂತೂ ಬೇಡವೇ ಬೇಡ.

ಈಗ ಕಾನೂನು. ಇಲ್ಲಿ ಮೂರು ಬೇರೆಬೇರೆ ವಿಷಯಗಳನ್ನು ಒಂದೇ ಅಂದುಕೊಂಡು ಜನ ಹೆದರುತ್ತಾರೆ. ಬೀಟೆ ಮರ ನಮ್ಮ ತೋಟದಲ್ಲೇ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ, ಅದು ಮರದ ಮಾತು. ಎರಡನೇದು 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ಪುರಾತನ ವಸ್ತು ಅನ್ನಿಸಿಕೊಂಡರೆ ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಪುರಾತನ ಅಲ್ಲ ಅನ್ನುವ ಸರ್ಟಿಫಿಕೇಟ್ ಕೊಡುವುದು ಪುರಾತತ್ವ ಇಲಾಖೆ. ಮೂರನೇದು, 2017ರಿಂದ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿವೆ. 2019ರಲ್ಲಿ 10 ಕೆಜಿ ತನಕದ ಸಿದ್ಧ ವಸ್ತುಗಳಿಗೆ ಸಡಿಲಿಕೆ ಸಿಕ್ಕಿತು. ಸಣ್ಣ ಪೆಟ್ಟಿಗೆಗಳಂಥ ವಸ್ತುಗಳಿಗೆ ಅನುಕೂಲ ಆಯಿತು. ಬೀಟೆ ಮೇಜಿನ ಮುಚ್ಚಳವೊಂದೇ ಅಷ್ಟು ತೂಗೀತು.

ಸಕಲೇಶಪುರದ ನನ್ನ ಗೆಳೆಯನ ತಮ್ಮ ಮೆಲ್ಬರ್ನಿನಲ್ಲಿದ್ದಾನೆ. ಅಜ್ಜನ ಮೇಜು ತನಗೇ ಬೇಕು ಅಂತ ಹಟ ಹಿಡಿದಿದ್ದ. ಇದೆಲ್ಲ ವಿಚಾರಿಸಿ ಸುಸ್ತಾಗಿ, ಕೊನೆಗೆ ಅದರ ಹಿತ್ತಾಳೆ ಕೀಲಿಕೈ ಒಂದನ್ನೇ ಜೇಬಿಗೆ ಹಾಕಿಕೊಂಡು ಹೋದ. ಈಗ ಇಲ್ಲಿ ಮುಚ್ಚಳ ತಾನಾಗಿ ಬೀಳದ ಹಾಗೆ ಒಂದು ಕಾಗದ ಮಡಿಚಿ ಸಿಕ್ಕಿಸಿದ್ದಾರೆ.