ಡಿಸ್ಕ್ ಎಸೆಯುವ ಯಂತ್ರ: ವೇಗಕ್ಕಿಂತ ಮೊದಲು ಸುತ್ತಿನ ಲೆಕ್ಕ

ಡಿಸ್ಕ್ ಗಾಲ್ಫ್ ಆಟದಲ್ಲಿ ಎಸೆಯುವ ದುಂಡು ತಟ್ಟೆಯೇ ಡಿಸ್ಕ್. ಒಂದು ಡಿಸ್ಕ್‌ನ ಗುಣ ತಿಳಿಯಬೇಕಾದರೆ ಅದನ್ನು ಒಂದೇ ರೀತಿಯಲ್ಲಿ ಇಪ್ಪತ್ತು ಬಾರಿಯಾದರೂ ಎಸೆದು ನೋಡಬೇಕು. ಕೈಯಿಂದ ಅದು ಆಗದ ಮಾತು. ಮೂರನೆಯ ಎಸೆತಕ್ಕೆ ಮಣಿಕಟ್ಟು ಕೊಂಚ ಓಲುತ್ತದೆ, ಹತ್ತನೆಯದಕ್ಕೆ ಭುಜ ದಣಿಯುತ್ತದೆ. ಡಿಸ್ಕ್ ಎಡಕ್ಕೆ ಸರಿದದ್ದು ಅದರ ಅಚ್ಚಿನ ಗುಣದಿಂದಲೋ ನಮ್ಮ ಕೈಯ ದೋಷದಿಂದಲೋ ಗೊತ್ತಾಗುವುದೇ ಇಲ್ಲ. ಹಾಗಾಗಿ ನಾನು ಮತ್ತು ಒಬ್ಬ ಗೆಳೆಯ ಮನೆಯಲ್ಲೇ ಎಸೆಯುವ ಯಂತ್ರ ಕಟ್ಟಲು ಕುಳಿತೆವು. ಆಗ ಕಲಿತದ್ದನ್ನು, ಇದೇ ಕೆಲಸಕ್ಕೆ ಕೈಹಾಕುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಗಾಲ್ಫ್‌ನಲ್ಲಿ ಚೆಂಡನ್ನು ಕುಳಿಗೆ ಸೇರಿಸುವಂತೆ ಇಲ್ಲಿ ಡಿಸ್ಕನ್ನು ಸರಪಳಿ ತೂಗುಬಿಟ್ಟ ಬುಟ್ಟಿಗೆ, ಆದಷ್ಟು ಕಡಿಮೆ ಎಸೆತಗಳಲ್ಲಿ ಸೇರಿಸಬೇಕು. ಸರಪಳಿ ಬುಟ್ಟಿಯನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಅಂಗಣ ಸಿದ್ಧವಾದದ್ದೂ ಅವರಿಂದಲೇ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಆಟದ ಒಂದು ನಿಯಮ: ಡಿಸ್ಕ್‌ನ ಅಡ್ಡಳತೆ 21 ಸೆಂಟಿಮೀಟರ್‌ಗೆ ಕಡಿಮೆ ಇರಬಾರದು, ತೂಕ ಅಡ್ಡಳತೆಯ ಪ್ರತಿ ಸೆಂಟಿಮೀಟರ್‌ಗೆ 8.3 ಗ್ರಾಂ ಮೀರಬಾರದು. ದೂರಕ್ಕೆ ಎಸೆಯುವ ಡಿಸ್ಕ್‌ಗಳು ಹೆಚ್ಚಾಗಿ 175 ಗ್ರಾಂ ಆಸುಪಾಸಿನಲ್ಲಿ ಇರುವುದು ಈ ಕಾರಣಕ್ಕೆ. ಮುಂದಿನ ಲೆಕ್ಕಗಳಲ್ಲೆಲ್ಲ ತೂಕ 175 ಗ್ರಾಂ, ತ್ರಿಜ್ಯ 10.5 ಸೆಂಟಿಮೀಟರ್ ಎಂದು ಹಿಡಿದಿದ್ದೇನೆ.

ಡಿಸ್ಕ್ ಏಕೆ ತಿರುಗಬೇಕು?

ಬುಗುರಿ ಆಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತಿರುಗುತ್ತಿರುವ ಬುಗುರಿಯನ್ನು ಬೆರಳಿನಿಂದ ತಳ್ಳಿದರೆ ಅದು ತಳ್ಳಿದ ಕಡೆಗೆ ಬೀಳುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ಡಿಸ್ಕ್ ಮಾಡುವುದೂ ಇದನ್ನೇ. ಹಾರುವ ಡಿಸ್ಕ್‌ಗೆ ಗಾಳಿಯ ಒತ್ತು ಸರಿಯಾಗಿ ನಡುಮಧ್ಯದಲ್ಲಿ ಬೀಳುವುದಿಲ್ಲ. ಹಾರಾಟದ ಕೊನೆಯಲ್ಲಿ, ವೇಗ ಇಳಿದಾಗ, ಆ ಒತ್ತು ಮುಂಭಾಗದ ಕಡೆಗೆ ಸರಿದು ಡಿಸ್ಕ್‌ನ ಮೂತಿಯನ್ನು ಮೇಲೆತ್ತಲು ನೋಡುತ್ತದೆ. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುವ ಡಿಸ್ಕ್ ಆಗ ಮೂತಿ ಎತ್ತುವ ಬದಲು ಎಡಕ್ಕೆ ವಾಲುತ್ತದೆ. ಬಲಗೈ ಆಟಗಾರನ ಹಿಂಗೈ (ಬ್ಯಾಕ್‌ಹ್ಯಾಂಡ್) ಎಸೆತ ಕೊನೆಗೆ ಎಡಕ್ಕೆ ಬಾಗುವುದು ಇದರಿಂದಲೇ. ಆರಂಭದ ಭರಾಟೆಯಲ್ಲಿ ಕೆಲವು ಡಿಸ್ಕ್‌ಗಳು ಬಲಕ್ಕೆ ವಾಲುವುದಕ್ಕೆ ಕಾರಣ ಇದರ ತಿರುಗುಮುರುಗು: ಆಗ ಗಾಳಿ ಮೂತಿಯನ್ನು ಕೆಳಕ್ಕೆ ಒತ್ತುತ್ತಿರುತ್ತದೆ.

ಸುತ್ತು ಹೆಚ್ಚಿದಷ್ಟೂ ಈ ವಾಲುವಿಕೆ ನಿಧಾನವಾಗುತ್ತದೆ. ಅಂದರೆ ಸುತ್ತಿನ ಪ್ರಮಾಣ ತಪ್ಪಿದರೆ ನಮ್ಮ ಯಂತ್ರ ತೋರಿಸುವ ಹಾರಾಟ ಮನುಷ್ಯನ ಎಸೆತದ ಹಾರಾಟವೇ ಆಗಿರುವುದಿಲ್ಲ. ಹೀಗಾಗಿ ಯಂತ್ರದ ಮೊದಲ ಅಳತೆ ವೇಗವಲ್ಲ, ಅನುಪಾತ: ಡಿಸ್ಕ್‌ನ ಅಂಚು ಸುತ್ತುವ ವೇಗವನ್ನು ಡಿಸ್ಕ್ ಮುನ್ನುಗ್ಗುವ ವೇಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ನುರಿತವರ ಹಿಂಗೈ ಎಸೆತದಲ್ಲಿ ಇದು ಸುಮಾರು ಅರ್ಧ. ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದ ಎಸೆತಕ್ಕೆ ನಿಮಿಷಕ್ಕೆ ಸುಮಾರು 1,140 ಸುತ್ತು ಬೇಕು.

ಮೂರು ದಾರಿಗಳು

ಎಲ್ಲರಿಗೂ ಮೊದಲು ಹೊಳೆಯುವುದು ತೋಳು. ಉದ್ದ ಕೋಲಿನ ತುದಿಗೆ ಡಿಸ್ಕ್ ಸಿಕ್ಕಿಸಿ ಬೀಸುವುದು. ತೋಳಿನೊಂದಿಗೆ ಡಿಸ್ಕ್ ಕೂಡ ಅಷ್ಟೇ ಸುತ್ತುತ್ತದೆ, ಹೆಚ್ಚಿಲ್ಲ. ಒಂದು ಮೀಟರ್ ತೋಳಿನಿಂದ 25 ಮೀಟರ್ ವೇಗ ಪಡೆದರೆ ಸುತ್ತು ನಿಮಿಷಕ್ಕೆ 240 ಮಾತ್ರ. ಅಂಥ ಡಿಸ್ಕ್ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಗುಚಿಕೊಳ್ಳುತ್ತದೆ. ಅನುಪಾತ ಅರ್ಧಕ್ಕೆ ಬರಬೇಕಾದರೆ ತೋಳಿನ ಉದ್ದ ತ್ರಿಜ್ಯದ ಎರಡರಷ್ಟು, ಅಂದರೆ ಕೇವಲ 21 ಸೆಂಟಿಮೀಟರ್ ಇರಬೇಕು. ಆ ಗಿಡ್ಡ ತೋಳು ಒಂದು ಡಿಗ್ರಿ ತಿರುಗಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೂವರೆ ಭಾಗ ಸಾಕು. ಅಷ್ಟರೊಳಗೆ ಹಿಡಿತ ಬಿಡದಿದ್ದರೆ ಗುರಿ ಒಂದು ಡಿಗ್ರಿ ತಪ್ಪಿತು. ಅಷ್ಟೂ ಹೊತ್ತು ಹಿಡಿತದ ಮೇಲೆ 50 ಕಿಲೋಗೂ ಮಿಗಿಲಾದ ಎಳೆತ ಬೇರೆ. ಮಣಿಕಟ್ಟು ಮತ್ತು ಬೆರಳುಗಳು ಕೂಡಿ ಎಂಥ ಕೆಲಸ ಮಾಡುತ್ತವೆ ಎಂಬುದು ಈ ಲೆಕ್ಕ ಹಾಕಿದ ದಿನ ನನಗೆ ಮನದಟ್ಟಾಯಿತು.

ಎರಡನೆಯದು ಒಂದು ಚಕ್ರ, ಎದುರಿಗೆ ಅಲುಗಾಡದ ಹಳಿ. ನಾವು ಮೊದಲು ಕಟ್ಟಿದ್ದು ಇದನ್ನೇ. ಮರದ ಹಲಗೆಯ ಅಂಚಿಗೆ ರಬ್ಬರ್ ಅಂಟಿಸಿ, ಎದುರು ಬದಿಗೆ ಮೋಟಾರಿನ ಚಕ್ರ ಇಟ್ಟೆವು. ಡಿಸ್ಕ್ ಹಳಿಯ ಮೇಲೆ ಬಂಡಿಯ ಗಾಲಿಯಂತೆ ಉರುಳುತ್ತ ಹೊರಬಂತು, ಹಾರಿತು, ನಾವಿಬ್ಬರೂ ಕುಣಿದಾಡಿದೆವು. ಆದರೆ ಕೈಯಲ್ಲಿ ಎಸೆದಾಗ ಎಡಕ್ಕೆ ಚೆನ್ನಾಗಿ ಬಾಗುವ ಡಿಸ್ಕ್, ಯಂತ್ರದಿಂದ ಬಂದಾಗ ಬಹುತೇಕ ನೇರವಾಗಿಯೇ ಹೋಗಿ ಇಳಿಯುತ್ತಿತ್ತು. ಕಾರಣ ಸರಳ. ಜಾರದೆ ಉರುಳುವ ಯಾವ ಗಾಲಿಯಲ್ಲೂ ಅಂಚಿನ ವೇಗವೂ ಮುನ್ನುಗ್ಗುವ ವೇಗವೂ ಸಮ. ಅನುಪಾತ ಒಂದು. ಬೇಕಾದದ್ದರ ಎರಡರಷ್ಟು ಸುತ್ತು. ಬಂದೂಕು ಗುರಿಯಾಟದಲ್ಲಿ 110 ಮಿಲಿಮೀಟರ್ ಬಿಲ್ಲೆಗಳನ್ನು ಹಾರಿಸುವ ತೋಳುಗಳಲ್ಲಿಯೂ ಬಿಲ್ಲೆ ತೋಳಿನ ಅಂಚಿಗೆ ಉಜ್ಜುತ್ತ ಉರುಳಿಯೇ ಸುತ್ತು ಪಡೆಯುತ್ತದೆ. ಅಲ್ಲಿ ಬಿಲ್ಲೆ ಸ್ಥಿರವಾಗಿ ಹಾರಿದರೆ ಸಾಕು, ನಮಗೆ ಸಾಲದು.

ಮೂರನೆಯದು ಎರಡು ಚಕ್ರ. ಕಬ್ಬಿನ ಗಾಣದ ಉರುಳೆಗಳು ಜಲ್ಲೆಯನ್ನು ಒಳಗೆಳೆದುಕೊಳ್ಳುವಂತೆ ಇವು ಡಿಸ್ಕನ್ನು ಎಳೆದು ಮುಂದೆ ಉಗುಳುತ್ತವೆ. ಕ್ರಿಕೆಟ್‌ನ ಬೌಲಿಂಗ್ ಯಂತ್ರವನ್ನು ನೋಡಿದ್ದರೆ ಅದೇ ತತ್ವ. ಎರಡೂ ಒಂದೇ ವೇಗದಲ್ಲಿದ್ದರೆ ಡಿಸ್ಕ್ ತಿರುಗದೆ ಹೊರಬರುತ್ತದೆ, ವ್ಯತ್ಯಾಸವಿದ್ದರೆ ತಿರುಗುತ್ತದೆ. ಎರಡು ಅಂಗೈಗಳ ನಡುವೆ ಪೆನ್ಸಿಲ್ ಹಿಡಿದು, ಒಂದು ಕೈಯನ್ನು ಬೇಗ, ಇನ್ನೊಂದನ್ನು ನಿಧಾನವಾಗಿ ಮುಂದಕ್ಕೆ ಸರಿಸಿ ನೋಡಿ, ಕಣ್ಣಿಗೇ ಕಾಣುತ್ತದೆ.

ಡಿಸ್ಕ್‌ನ ವೇಗ = (ವೇಗದ ಚಕ್ರ + ನಿಧಾನದ ಚಕ್ರ) ÷ 2
ಅಂಚಿನ ಸುತ್ತುವೇಗ = (ವೇಗದ ಚಕ್ರ − ನಿಧಾನದ ಚಕ್ರ) ÷ 2

ಇಲ್ಲಿ ಚಕ್ರ ಎಂದರೆ ಅದರ ಹೊರಮೈಯ ವೇಗ. 25 ಮೀಟರ್ ವೇಗಕ್ಕೆ, ಅರ್ಧ ಅನುಪಾತಕ್ಕೆ, ಒಂದು ಬದಿ ಸೆಕೆಂಡಿಗೆ 37.5 ಮೀಟರ್, ಇನ್ನೊಂದು 12.5 ಮೀಟರ್. ಚಕ್ರದ ಅಡ್ಡಳತೆ 25 ಸೆಂಟಿಮೀಟರ್ ಆದರೆ ನಿಮಿಷಕ್ಕೆ ಸುಮಾರು 2,865 ಮತ್ತು 955 ಸುತ್ತು, ಮೂರಕ್ಕೆ ಒಂದು. ಎಡಗಡೆಯದು ವೇಗವಾಗಿದ್ದರೆ ಬಲಗೈ ಹಿಂಗೈ ಎಸೆತ. ಅದಲುಬದಲು ಮಾಡಿದರೆ ಅದೇ ಕೈಯ ಮುಂಗೈ (ಫೋರ್‌ಹ್ಯಾಂಡ್) ಎಸೆತ.

ಜಾರುವಿಕೆ ಎಂಬ ಕಾಟ

ಕಾಗದದ ಮೇಲಿನ ಲೆಕ್ಕ ಡಿಸ್ಕ್ ಜಾರದಿದ್ದರೆ ಮಾತ್ರ ನಿಜ. ಎರಡು ಚಕ್ರಗಳ ನಡುವೆ ಡಿಸ್ಕ್ ಸಿಕ್ಕಿಕೊಂಡು ಸಾಗುವ ದೂರ ಬಹಳ ಕಡಿಮೆ. ಪ್ರತಿ ಬದಿಯ ರಬ್ಬರ್ ಒಂದೊಂದು ಸೆಂಟಿಮೀಟರ್ ಒತ್ತಿಕೊಂಡರೂ 13 ಸೆಂಟಿಮೀಟರ್ ಆಸುಪಾಸು. ಅಷ್ಟರಲ್ಲಿ 25 ಮೀಟರ್ ವೇಗ ಬರಬೇಕಾದರೆ ಸರಾಸರಿ 40 ಕಿಲೋ ತೂಕದಷ್ಟು ತಳ್ಳು ಬೇಕು. ನಮ್ಮ ಎರಡನೆಯ ಮಾದರಿಯಿಂದ ಹೊರಬಂದ ಡಿಸ್ಕ್‌ನ ಅಂಚಿನಲ್ಲಿ, ವೇಗದ ಚಕ್ರದ ಕಡೆ, ಹೆಬ್ಬೆರಳಗಲದ ಕಪ್ಪು ಪಟ್ಟೆ ಮೂಡಿತ್ತು. ಮುಟ್ಟಿದರೆ ಬೆಚ್ಚಗೆ, ಸುಟ್ಟ ರಬ್ಬರಿನ ವಾಸನೆ. ಆ ಪಟ್ಟೆಯೇ ಜಾರಿದ ಗುರುತು.

ಪರಿಹಾರ ಬೆಲ್ಟ್. ಪ್ರತಿ ಬದಿಗೂ ಎರಡೆರಡು ಗಾಲಿ, ಅವುಗಳ ಮೇಲೆ ರಬ್ಬರ್ ಬೆಲ್ಟ್, ಬೆಲ್ಟ್ ಹಿಂದೆ ನುಣುಪಾದ ಆನಿಕೆಯ ಹಲಗೆ. ಹಿಡಿತದ ದೂರ 60 ಸೆಂಟಿಮೀಟರ್ ಆದರೆ ತಳ್ಳು 9 ಕಿಲೋ ತೂಕಕ್ಕೆ ಇಳಿಯುತ್ತದೆ. ದೂರಕ್ಕೆ ಎಸೆಯುವ ಡಿಸ್ಕ್‌ನ ಅಂಚು ಚೂಪಾಗಿರುವುದರಿಂದ ಬೆಲ್ಟ್ ಮೆತ್ತಗಿರಲಿ, ಇಲ್ಲವಾದರೆ ಅದು ಕೊಯ್ದುಹೋಗುತ್ತದೆ. ಕೆಳಗೆ ನುಣುಪಾದ ಹಾಸು ಇರಲಿ. ಡಿಸ್ಕ್ ಮಟ್ಟವಾಗಿ ಹೊರಡದಿದ್ದರೆ ತೊನೆದಾಡುತ್ತ ಹೋಗುತ್ತದೆ.

ಇನ್ನೊಂದು ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. ಹೊರಬಂದ ಡಿಸ್ಕ್‌ನಲ್ಲಿರುವ ಶಕ್ತಿ, ಸುತ್ತೂ ಸೇರಿ, ಸುಮಾರು 63 ಜೂಲ್. ಆದರೆ ಬೆಲ್ಟ್‌ಗಳು ಕೊಡಬೇಕಾದದ್ದು ಅದರ ಎರಡರಷ್ಟು. ಉಳಿದರ್ಧ ಉಜ್ಜಾಟದ ಶಾಖ. ಇದರಲ್ಲಿ ವೇಗದ ಬದಿ 107, ನಿಧಾನದ ಬದಿ 19 ಜೂಲ್ ಕೊಡುತ್ತದೆ. ವೇಗದ ಬದಿಗೇ ಭಾರದ ಗಾಲಿ ಬೇಕೆಂದು ಅನ್ನಿಸುವುದು ಸಹಜ, ನಾವೂ ಹಾಗೆಯೇ ಎಣಿಸಿದ್ದೆವು. ಲೆಕ್ಕ ಹೇಳುವುದು ಬೇರೆ. ಪ್ರತಿ ಬದಿಯ ಗಟ್ಟಿ ಗಾಲಿಗಳು ಕೂಡಿ ಎರಡು ಕಿಲೋ ತೂಗಿದರೆ ವೇಗದ್ದರಲ್ಲಿ 700 ಜೂಲ್ ಕೂಡಿಟ್ಟಿರುತ್ತದೆ, ನಿಧಾನದ್ದರಲ್ಲಿ 78 ಮಾತ್ರ. ಒಂದು ಎಸೆತಕ್ಕೆ ಮೊದಲನೆಯದರ ವೇಗ 8 ಶೇಕಡಾ ಕುಸಿದರೆ ಎರಡನೆಯದರದ್ದು 13 ಶೇಕಡಾ. ಭಾರ ಕೂಡಿಸಬೇಕಾದದ್ದು ನಿಧಾನದ ಗಾಲಿಗೆ.

63 ಜೂಲ್ ಎಂದರೆ ಗಂಟೆಗೆ 100 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನ ಪೆಟ್ಟು. ಗಾಲಿಗಳ ಸುತ್ತ ತಗಡಿನ ಮರೆ, ಹಿಂದೆ ನಿಂತೇ ಎಟಕುವ ನಿಲುಗಡೆ ಗುಂಡಿ, ಡಿಸ್ಕ್ ತೂರಿಸಲು ಉದ್ದ ಕೋಲು, ಇವು ಮೂರೂ ಇಲ್ಲದೆ ಮೋಟಾರ್ ಹಾಕಲೇಬೇಡಿ. ಕೈಯಿಂದ ಡಿಸ್ಕ್ ಒಳಗೆ ತಳ್ಳುವ ಆಸೆ ಎಷ್ಟೇ ಆದರೂ ಬೇಡ.

ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಡಿಸ್ಕ್ ಮೇಲೆ ನಡುವಿನಿಂದ ಅಂಚಿಗೆ ದಪ್ಪ ಕಪ್ಪು ಗೆರೆ ಎಳೆದು, ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲ್ ಕ್ಯಾಮೆರಾವನ್ನು ಯಂತ್ರದ ಬಾಯಿಯ ಮೇಲೆ ತೂಗುಹಾಕಿ. ಗೆರೆ ಒಂದು ಪೂರ್ತಿ ಸುತ್ತು ಬರಲು 12ರಿಂದ 13 ಚಿತ್ರ ಹಿಡಿದರೆ ಸುತ್ತು ಸರಿಯಾಗಿದೆ. 16 ಹಿಡಿದರೆ ಎಲ್ಲೋ ಜಾರುತ್ತಿದೆ. ನೆಲದ ಮೇಲೆ ಅರ್ಧ ಮೀಟರ್‌ಗೊಂದು ಸುಣ್ಣದ ಗೆರೆ ಹಾಕಿದರೆ ವೇಗವೂ ಅದೇ ಚಿತ್ರಗಳಲ್ಲಿ ಸಿಗುತ್ತದೆ.

ಕಳೆದ ವಾರ ನಿಧಾನದ ಗಾಲಿಗೆ ಎರಡು ಕಿಲೋ ಕಬ್ಬಿಣದ ಬಿಲ್ಲೆ ಬಿಗಿದೆವು. ಐದು ಎಸೆತಗಳಲ್ಲಿ ನಾಲ್ಕು 13 ಚಿತ್ರಕ್ಕೆ ಬಂದವು. ಐದನೆಯದು 15. ಬೆಲ್ಟ್ ಬಿಚ್ಚಿ ನೋಡಿದರೆ ಒಳಮೈಯಲ್ಲಿ ಮರದ ಹುಡಿ ಅಂಟಿತ್ತು.