ಬೀಜಗಣಿತದಲ್ಲಿ ಹಿಂದೆ ಬಿದ್ದವರಿಗೆ ಇನ್ನೂ ಎಷ್ಟು ಲೆಕ್ಕ ಕೊಡಬೇಕು?

ಪ್ರಶ್ನೆ: ಪಾಠ ಮಾಡಿದ ದಿನ ಮಕ್ಕಳು ಎಲ್ಲಾ ಲೆಕ್ಕ ಸರಿಯಾಗಿ ಮಾಡ್ತಾರೆ. ತಿಂಗಳ ನಂತರ ಪರೀಕ್ಷೆಯಲ್ಲಿ ಅದೇ ಲೆಕ್ಕ ತಪ್ಪುತ್ತದೆ. ರಿವಿಜನ್‌ಗೆ ಇನ್ನೂ ಎಷ್ಟು ಲೆಕ್ಕ ಕೊಡಬೇಕು? ಬೇಸರ ಬಾರದ ಹಾಗೆ ಏನು ಮಾಡಿಸಬಹುದು?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಎಣಿಸಿಲ್ಲ. ಆದರೂ "ಎಷ್ಟು" ಅನ್ನುವ ಪದ ಹೋಗುವುದೇ ಇಲ್ಲ. ಜಾಸ್ತಿ ಲೆಕ್ಕ ಮಾಡಿಸಿದರೆ ತಾನೇ ಬರುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ.

ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಮಗು ಪ್ರಶ್ನೆ ಓದುವುದನ್ನೇ ಬಿಟ್ಟಿರುತ್ತದೆ. ಮೇಲೆ "ಅಪವರ್ತನ" (ಗುಣಿಸಿದರೆ ಮತ್ತೆ ಅದೇ ಬರುವ ಭಾಗಗಳಾಗಿ ಒಡೆಯುವುದು) ಎಂದು ಬರೆದಿದೆ, ಹಿಂದಿನ ಲೆಕ್ಕಕ್ಕೆ ಏನು ಮಾಡಿತ್ತೋ ಅದನ್ನೇ ಮಾಡುತ್ತಾ ಹೋಗುತ್ತದೆ, ಎಲ್ಲಾ ಸರಿ ಬರುತ್ತದೆ, ನಮಗೂ ಖುಷಿ, ಅದಕ್ಕೂ ಖುಷಿ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ, ಅಲ್ವಾ? ಇಲ್ಲಿ ಯಾವ ದಾರಿ ಹಿಡಿಯಬೇಕು ಎಂದು ಮಗುವೇ ಹುಡುಕಬೇಕು. ಆ ಕೆಲಸವನ್ನು ನಾವು ಒಂದು ದಿನವೂ ಮಾಡಿಸಿಲ್ಲ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದಲ್ಲಿ ಏಳನೇ ತರಗತಿಯ 54 ವಿಭಾಗಗಳಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅರ್ಧ ವಿಭಾಗಗಳು ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋದವು, ಉಳಿದವು ಎಲ್ಲಾ ಬಗೆಯನ್ನೂ ಕಲಸಿ ಮಾಡಿದವು. ತಿಂಗಳ ನಂತರ ಮೊದಲೇ ಹೇಳದೆ ಪರೀಕ್ಷೆ ಕೊಟ್ಟರು. ಕಲಸಿ ಮಾಡಿದವರಿಗೆ ಸರಾಸರಿ ಶೇ. 61, ಸಾಲಾಗಿ ಮಾಡಿದವರಿಗೆ ಶೇ. 38. ಯಾರಿಗೂ ಜಾಸ್ತಿ ಲೆಕ್ಕ ಕೊಟ್ಟಿರಲಿಲ್ಲ, ಜೋಡಿಸಿದ ರೀತಿ ಮಾತ್ರ ಬೇರೆ. ಒಂದು ಮಾತು ನೆನಪಿರಲಿ: ಕಲಸಿ ಕೊಟ್ಟ ದಿನ ತಪ್ಪು ಜಾಸ್ತಿ ಬರುತ್ತದೆ. ಅಷ್ಟಕ್ಕೇ ಗಾಬರಿಯಾಗಿ ಹಳೇ ದಾರಿಗೆ ಮರಳಬೇಡಿ, ದಯವಿಟ್ಟು.

ಹಾಗಾದರೆ ಮಾಡಿಸುವುದೇನು? ಬೇರೆ ಬೇರೆ ಪಾಠದ ಎಂಟು ಲೆಕ್ಕ ಕೊಡಿ. ಬಿಡಿಸುವುದು ಬೇಡ. ಪ್ರತಿಯೊಂದಕ್ಕೂ ಮೊದಲ ಹೆಜ್ಜೆ ಏನು, ಯಾಕೆ, ಅಷ್ಟು ಹೇಳಲಿ. ಇನ್ನೊಂದು ದಿನ ಜೋಡಿಯಾಗಿ ಕೂರಿಸಿ. ಒಬ್ಬರು ಅ = 4 ಎಂದು ಗುಟ್ಟಾಗಿ ಬರೆದುಕೊಂಡು, 3ರಿಂದ ಗುಣಿಸಿ, 2 ಕೂಡಿಸಿ, 3ಅ + 2 = 14 ಎಂದು ಕೊಡಲಿ, ಇನ್ನೊಬ್ಬರು ಗಂಟು ಬಿಚ್ಚಲಿ. ಸಮೀಕರಣ ಕಟ್ಟಿದವರಿಗೆ ಅದನ್ನು ಬಿಚ್ಚುವುದೂ ತಿಳಿಯುತ್ತದೆ. ಬೇಗ ಹೇಳಿದವರಿಗೆ ಅಂಕ ಎನ್ನುವ ಕ್ವಿಜ್ ನನಗೆ ಇಷ್ಟವಿಲ್ಲ. ಯಾರಿಗೆ ರಿವಿಜನ್ ಬೇಕೋ ಅವರೇ ಸುಮ್ನೆ ಕೂತಿರುತ್ತಾರೆ.

ತೀರಾ ಹಿಂದೆ ಬಿದ್ದವರಿಗೆ ಮೊದಲು ತಪ್ಪಿನ ಬೇರು ಹುಡುಕಿ. (ಅ + ಬ)² = ಅ² + ಬ² ಎಂದು ಬರೆದರೆ ಸೂತ್ರ ಹತ್ತು ಸಲ ಬರೆಸಬೇಡಿ. ಅ ಜಾಗದಲ್ಲಿ 3, ಬ ಜಾಗದಲ್ಲಿ 4 ಹಾಕಿಸಿ. ಒಂದು ಕಡೆ 49, ಇನ್ನೊಂದು ಕಡೆ 25. ಆ ಮುಖದಲ್ಲಿ ಆಗುವ ಬದಲಾವಣೆ ನೋಡುವುದೇ ನನಗೆ ಹಬ್ಬ.

ಯಾರೂ ಕೇಳದಿದ್ದರೂ ಸಮ ಚಿಹ್ನೆಯ ಬಗ್ಗೆ ಹೇಳಲೇಬೇಕು. 8 + 4 = □ + 5, ಪೆಟ್ಟಿಗೆಯಲ್ಲಿ ಏನು ಬರಬೇಕು? 1999ರಲ್ಲಿ ಪ್ರಕಟವಾದ ಒಂದು ಬರಹದ ಪ್ರಕಾರ, ಇದನ್ನು ಕೇಳಿದ ಆರನೇ ತರಗತಿಯ 145 ಮಕ್ಕಳೂ 12 ಅಥವಾ 17 ಎಂದರು. 7 ಎಂದವರು ಒಬ್ಬರೂ ಇಲ್ಲ. ಅವರಿಗೆ ಆ ಚಿಹ್ನೆ ಎಂದರೆ "ಉತ್ತರ ಬರೆ" ಅಷ್ಟೇ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಎರಡು ಗೆರೆ ಎಳೆದದ್ದು, ಎರಡು ಸಮಾಂತರ ಗೆರೆಗಳಷ್ಟು ಸಮವಾದದ್ದು ಬೇರೆ ಇಲ್ಲ ಎಂಬ ಕಾರಣಕ್ಕೆ. ಅದು ತಕ್ಕಡಿ. ಇದು ತಿಳಿಯದ ಮಗುವಿಗೆ "ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಎಂದಷ್ಟೇ ಹೇಳಿಕೊಟ್ಟರೆ, 3ಅ = 12 ಕಂಡಾಗ 3ನ್ನೂ ಆ ಕಡೆ ಕಳಿಸಿ ಅ = 12 − 3 = 9 ಎನ್ನುತ್ತದೆ. ನಾವು ಹೇಳಿದ್ದನ್ನೇ ಮಾಡಿದೆ, ಪಾಪ.

ನಾಳೆ 7 = 3 + 4 ಎಂದು ಬರೆದು ಸರಿಯೋ ತಪ್ಪೋ ಕೇಳಿ. "ತಿರುಗಾಮುರುಗಾ ಬರೆದಿದ್ದೀರಿ" ಎಂದವರ ಜೊತೆ ಅಲ್ಲಿಂದಲೇ ಶುರು ಮಾಡಿ, ಅಪವರ್ತನ ಎರಡು ದಿನ ಕಾಯಲಿ.